ಮಡಿಕೇರಿಯಲ್ಲಿ ನೀರು ಕುದಿಯುವುದು 96ಕ್ಕೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ದಾನಿಗಳು ವಿಜ್ಞಾನ ಪ್ರಯೋಗಾಲಯದ ಸಾಮಾನು ಕೊಟ್ಟ ಸಮಾರಂಭ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಬೇರೆಯವರು ಫೋಟೊದಲ್ಲಿ ಮುಖ ನೋಡುತ್ತಾರೆ. ನಾನು ಮೇಜು ನೋಡಿದೆ. ಸ್ಟ್ಯಾಂಡಿಗೆ ಬ್ಯುರೆಟ್, ಅಂದರೆ ನಲ್ಲಿ ಇರುವ ಗಾಜಿನ ಅಳತೆ ಕೊಳವೆ, ಸಿಕ್ಕಿಸಿದ್ದರು, ತಲೆಕೆಳಗಾಗಿ. ನಲ್ಲಿ ಮೇಲೆ, ಬಾಯಿ ಕೆಳಗೆ.

ನಾನು ಮಡಿಕೇರಿಯ ಒಂದು ಕಾಲೇಜಿನಲ್ಲಿ 33 ವರ್ಷ ಲ್ಯಾಬ್ ಅಟೆಂಡರ್ ಆಗಿದ್ದವನು. ಅದಕ್ಕೇ ಕಣ್ಣು ಅಲ್ಲಿಗೇ ಹೋಯಿತು. ತಲೆಕೆಳಗಾದದ್ದನ್ನು ದೊಡ್ಡದು ಮಾಡುವುದಿಲ್ಲ, ಯಾರೋ ಅವಸರದಲ್ಲಿ ಜೋಡಿಸಿರಬಹುದು. ಆದರೆ ಬ್ಯುರೆಟ್ ಬೇಕಾಗುವುದು ಟೈಟ್ರೇಶನ್‌ಗೆ, ಅಂದರೆ ಒಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಇನ್ನೊಂದರ ಸಾರ ಅಳೆಯಲು. ಅದು ಪಿಯುಸಿ ಮಕ್ಕಳ ಕೆಲಸ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಅದು ಸುಮ್ನೆ ನೋಡಲು ಚೆಂದದ ಗಾಜಿನ ಕೊಳವೆ ಅಷ್ಟೇ. ದಾನಿಗಳ ಮನಸ್ಸು ದೊಡ್ಡದು, ಒಪ್ಪುತ್ತೇನೆ. ಏನು ಬೇಕು ಎಂದು ಕೊಡುವ ಮೊದಲು ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಅದೇ ದುಡ್ಡಿಗೆ ಬೆಳಕಿನ ಪಾಠಕ್ಕೆ ಬೇಕಾದ ಹತ್ತು ಗಾಜಿನ ಇಟ್ಟಿಗೆ, ಹತ್ತು ಮಸೂರ ಬರುತ್ತಿತ್ತು. ಇದನ್ನೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ. ಅದು ನನ್ನ ಮೊಮ್ಮಗಳ ನೋಟ್‌ಬುಕ್ಕಿನ ಒಂದು ಕೆಂಪು ಗೆರೆ.

ಅವಳು ಮನೆಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಶಾಲೆಯ ಹೆಸರು ಬೇಡ. ಅಲ್ಲಿನ ಮೇಷ್ಟ್ರು ಒಳ್ಳೆಯವರು, ಅದು ಆಮೇಲೆ ಗೊತ್ತಾಗುತ್ತದೆ. ಪುಸ್ತಕದಲ್ಲಿ ಒಂದು ಚಟುವಟಿಕೆ ಇದೆ. ಬೀಕರಿಗೆ ಮಂಜುಗಡ್ಡೆ ಹಾಕಿ ಬಿಸಿ ಮಾಡುತ್ತಾ ಹೋಗಬೇಕು. ಕರಗುವಾಗ ಎಷ್ಟು ಡಿಗ್ರಿ, ಕುದಿಯುವಾಗ ಎಷ್ಟು ಡಿಗ್ರಿ ಎಂದು ಥರ್ಮಾಮೀಟರ್ ನೋಡಿ ಬರೆಯಬೇಕು. ಶಾಲೆಯಲ್ಲಿ ಅದನ್ನು ಮಾಡಿಸಿರಲಿಲ್ಲ. ಮನೆಯಲ್ಲಿ ಓದಿಕೊಂಡು ಬರೆದು ತನ್ನಿ ಎಂದಿದ್ದರಂತೆ. ನಮ್ಮ ಮನೆಯಲ್ಲಿ ಓದುವ ಅಗತ್ಯ ಇರಲಿಲ್ಲ. ನಾನು ನಿವೃತ್ತನಾದ ದಿನ ಕಾಲೇಜಿನವರು ಎಲ್ಲರಿಗೂ ಕೊಡುವ ಹಾಗೆ ಗಡಿಯಾರ ಕೊಟ್ಟರು. ನನ್ನ ಡಿಪಾರ್ಟ್‌ಮೆಂಟಿನವರು ಮಾತ್ರ ಒಂದು ಒಳ್ಳೆಯ ಥರ್ಮಾಮೀಟರ್ ಕೊಟ್ಟಿದ್ದರು. ಗಡಿಯಾರ ಕೆಟ್ಟು ಎಷ್ಟೋ ಕಾಲವಾಯಿತು.

ಫ್ರಿಜ್ಜಿನ ಐಸು, ಅವಳ ಅಜ್ಜಿಯ ಹಾಲಿನ ಪಾತ್ರೆ, ಗ್ಯಾಸ್ ಒಲೆ. ಐಸು ಕರಗುವಾಗ ಸರಿಯಾಗಿ ಸೊನ್ನೆ. ಆಮೇಲೆ ಮೇಲೇರುತ್ತಾ ಹೋಗಿ ಕುದಿಯುವಾಗ 96ರಲ್ಲಿ ನಿಂತಿತು. ಇನ್ನೂ ಹತ್ತು ನಿಮಿಷ ಕುದಿಸಿದೆವು. ಉರಿ ಜಾಸ್ತಿ ಮಾಡಿದೆವು. ಒಂದು ಗೆರೆಯೂ ಮೇಲೆ ಹೋಗಲಿಲ್ಲ.

"ಅಜ್ಜಾ, ನಿಮ್ಮ ಥರ್ಮಾಮೀಟರ್ ಹಾಳಾಗಿದೆ" ಅಂದಳು.

"ಐಸಿನಲ್ಲಿ ಸೊನ್ನೆ ಸರಿಯಾಗಿ ತೋರಿಸಿತಲ್ಲ ಮಗಾ. ಹಾಳಾಗಿದ್ದರೆ ಅಲ್ಲೂ ತಪ್ಪಬೇಕಿತ್ತು."

ಅರ್ಧ ಗಂಟೆ ತಲೆ ಕೆಡಿಸಿಕೊಂಡಳು. ನಾನು ಹೇಳಿಕೊಡಲಿಲ್ಲ. ಕೊನೆಗೆ ಅವಳ ಅಜ್ಜಿಯೇ, ಮಂಗಳೂರಿನ ತಂಗಿ ಮನೆಯಲ್ಲಿ ಪಾತ್ರೆಯಲ್ಲಿ ಅನ್ನ ಬೇಗ ಬೇಯುತ್ತೆ, ಇಲ್ಲಿ ಕುಕ್ಕರ್ ಇಲ್ಲದೆ ಆಗೋದಿಲ್ಲ ಎಂದು ಗೊಣಗಿದಳು. ಅಲ್ಲಿಂದ ದಾರಿ ಸಿಕ್ಕಿತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ನಮ್ಮೂರು ಅದಕ್ಕಿಂತ ಹೆಚ್ಚೇನೂ ತಗ್ಗಿಲ್ಲ. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ನೀರು ಕಡಿಮೆ ಡಿಗ್ರಿಗೇ ಕುದಿಯುತ್ತದೆ. ಅಂದಾಜು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. ಲೆಕ್ಕ ಹಾಕಿದರೆ ಸರಿಯಾಗಿ 96ರ ಹತ್ತಿರ ಬಂದು ನಿಲ್ಲುತ್ತದೆ. ಅವಳಿಗೆ ಎಷ್ಟು ಖುಷಿಯಾಯಿತು ಅಂದರೆ, ಪುಸ್ತಕದಲ್ಲಿ ಇಲ್ಲದ್ದನ್ನು ತಾನೇ ಕಂಡುಹಿಡಿದ ಹಾಗೆ ದೊಡ್ಡ ಅಕ್ಷರದಲ್ಲಿ 96 ಎಂದು ಬರೆದಳು.

ಎರಡು ದಿನ ಬಿಟ್ಟು ನೋಟ್‌ಬುಕ್ ಬಂತು. 96ರ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ 100.

ನಾನು ಜಗಳಕ್ಕೆ ಹೋಗಲಿಲ್ಲ. ಥರ್ಮಾಮೀಟರ್ ಜೇಬಿಗೆ ಹಾಕಿಕೊಂಡು ಶಾಲೆಗೆ ಹೋದೆ. ಮೇಷ್ಟ್ರು ಚಿಕ್ಕ ವಯಸ್ಸಿನವರು. ಮೂರೂ ತರಗತಿಯ ವಿಜ್ಞಾನ ಅವರೊಬ್ಬರದೇ. ಅದರ ಮೇಲೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಯಾರಾದರೂ ರಜೆ ಹಾಕಿದರೆ ಅವರ ಕ್ಲಾಸು. ನನ್ನ ಮಾತು ಪೂರ್ತಿ ಕೇಳಿ ನಕ್ಕರು. "ನೀವು ಹೇಳೋದು ನನಗೆ ಗೊತ್ತು ಸರ್. ಆದರೆ ಪರೀಕ್ಷೆಯಲ್ಲಿ 96 ಬರೆದರೆ ಮಾರ್ಕ್ಸ್ ಹೋಗುತ್ತೆ. ಅದಕ್ಕೇ ತಿದ್ದಿದೆ" ಅಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೂ ನನಗೆ ಒಳಗೆಲ್ಲೋ ಚುಚ್ಚಿತು. ಕೈಯಾರೆ ಅಳೆದ ಮಗು ತಪ್ಪು, ಅಳೆಯದೆ ನಕಲು ಮಾಡಿದ 37 ಮಕ್ಕಳು ಸರಿ. ಹೀಗಾದರೆ ಹೇಗೆ?

"ಒಂದು ಸಲ ಇಲ್ಲೇ ಕುದಿಸಿ ನೋಡೋಣ್ವಾ?" ಎಂದೆ. ಒಪ್ಪಿದರು. ಅಲ್ಲಿಂದ ಶುರುವಾಯಿತು ನೋಡಿ ನಿಜವಾದ ಕಥೆ. ಬೀರುವಿನ ಬೀಗದ ಕೈ ಹೆಡ್‌ಮೇಷ್ಟ್ರ ಹತ್ತಿರ. ಅವರು ಮೀಟಿಂಗಿಗೆ ಹೋಗಿದ್ದರು. ಇನ್ನೊಂದು ಕೈ ಹುಡುಕಿ ತೆಗೆದರೆ ಸ್ಪಿರಿಟ್ ಲ್ಯಾಂಪ್ ಇದೆ, ಬತ್ತಿ ಇಲ್ಲ. ಬತ್ತಿಗೆ ಹಳೇ ಬನಿಯನ್ ಸೀಳಿದೆವು. ಸ್ಪಿರಿಟ್ ಬಾಟಲಿಯ ತಳದಲ್ಲಿ ಎರಡು ಚಮಚೆಯಷ್ಟಿತ್ತು. ಬೆಂಕಿಪೊಟ್ಟಣ ತೇವ ಹಿಡಿದು ಹತ್ತಲಿಲ್ಲ, ಬಿಸಿಯೂಟದ ಅಡುಗೆ ಅಕ್ಕನ ಹತ್ತಿರ ಬೇರೆ ತಂದೆವು. ಬೀಕರ್ ಇಟ್ಟು ದೀಪ ಹಚ್ಚುವಷ್ಟರಲ್ಲಿ ಗಂಟೆ ಹೊಡೆಯಿತು. ಪೀರಿಯಡ್ ಮುಗಿದಿತ್ತು. ಮೇಷ್ಟ್ರು ಮುಂದಿನ ಪೀರಿಯಡ್ ಸಮಾಜ ಟೀಚರ್ ಹತ್ತಿರ ಬೇಡಿ ತೆಗೆದುಕೊಂಡರು. 38 ಮಕ್ಕಳು ಒಂದೇ ಬೀಕರಿನ ಸುತ್ತ. ಹಿಂದಿನವರು ಬೆಂಚು ಹತ್ತಿ ನಿಂತರು. 96.

ಮೇಷ್ಟ್ರು ಆಗ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಮೊಮ್ಮಗಳ ನೋಟ್‌ಬುಕ್ ತರಿಸಿ ಎಲ್ಲರೆದುರು ತಾವು ಎಳೆದಿದ್ದ ಕೆಂಪು ಗೆರೆಯನ್ನೇ ಹೊಡೆದುಹಾಕಿದರು. ಪುಸ್ತಕದ 100 ಸಮುದ್ರಮಟ್ಟದ್ದು, ನಮ್ಮ 96 ನಮ್ಮೂರದ್ದು, ಪರೀಕ್ಷೆಯಲ್ಲಿ ಯಾವುದು ಕೇಳಿದ್ದಾರೆ ಎಂದು ನೋಡಿ ಬರೆಯಿರಿ ಎಂದರು.

ಆಮೇಲೆ ನಾನು ಆ ಬೀರು ಪೂರ್ತಿ ನೋಡಿದೆ. ಹಳೆಯ ಚಾಳಿ. ಅಲ್ಲಿ ಸಾಮಾನು ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಸರ್ಕಾರದ ಯೋಜನೆಗಳಲ್ಲಿ ಬಂದದ್ದು, ಹಳೇ ವಿದ್ಯಾರ್ಥಿಗಳು ಕೊಟ್ಟದ್ದು, ಎಲ್ಲ ಇದೆ. ಮೂರು ಸೂಕ್ಷ್ಮದರ್ಶಕ ಇದೆ. ಅದರಲ್ಲಿ ಎರಡರ ಮಸೂರಕ್ಕೆ ಬೂಷ್ಟು ಹಿಡಿದಿದೆ. ಮೆಗ್ನೀಷಿಯಂ ಪಟ್ಟಿ ಇದೆ, ಕಪ್ಪಾಗಿದೆ. ಸೋಡಿಯಂ ಹೈಡ್ರಾಕ್ಸೈಡ್ ಬಿಲ್ಲೆಗಳು ಗಾಳಿಯ ತೇವ ಕುಡಿದು ಅರ್ಧ ನೀರಾಗಿವೆ. ಅದಕ್ಕೆ ಗಾಜಿನ ಬಿರಡೆ ಹಾಕಿದ್ದರು. ಅದು ಅಂಟಿ ಕೂತಿದೆ, ಇನ್ನು ಬಾಟಲಿ ಒಡೆದೇ ತೆಗೆಯಬೇಕು. ಅದಕ್ಕೆ ರಬ್ಬರ್ ಬಿರಡೆ ಹಾಕಬೇಕು ಎಂದು ನನಗೆ ಮೊದಲ ವರ್ಷವೇ ಹಿರಿಯ ಅಟೆಂಡರ್ ತಲೆಗೆ ಮೊಟಕಿ ಕಲಿಸಿದ್ದರು. ಕಬ್ಬಿಣದ ಪುಡಿ ತುಕ್ಕು ಹಿಡಿದು ಬೆಲ್ಲದಚ್ಚಿನ ಹಾಗೆ ಗಟ್ಟಿಯಾಗಿದೆ. ಬಾಟಲಿಗಳ ಚೀಟಿ ಕಳಚಿ ಬಿದ್ದು ಯಾವುದು ಯಾವುದೋ ಗೊತ್ತಿಲ್ಲ. ಸೆಲ್ಲುಗಳನ್ನು ಡಬ್ಬಿಯಲ್ಲೇ ಬಿಟ್ಟು ರಜೆಗೆ ಹೋಗಿದ್ದರು, ಅವು ಒಸರಿ ಪಟ್ಟಿಯೆಲ್ಲ ಹಸಿರಾಗಿದೆ.

ಒಡೆದದ್ದು ಮಾತ್ರ ಒಂದೂ ಇರಲಿಲ್ಲ.

ಇದನ್ನು ನೋಡಿ ನನಗೆ ಎಲ್ಲ ಅರ್ಥವಾಯಿತು. ಪ್ರಯೋಗ ನಡೆಯುವ ಕಡೆ ಗಾಜು ಒಡೆಯಲೇಬೇಕು. ನಮ್ಮ ಕಾಲೇಜಿನಲ್ಲಿ ವರ್ಷಕ್ಕೆ ಎಷ್ಟೋ ಪ್ರನಾಳ (ಟೆಸ್ಟ್ ಟ್ಯೂಬ್) ಒಡೆಯುತ್ತಿದ್ದವು. ಅದಕ್ಕೊಂದು ಪುಸ್ತಕ ಇತ್ತು, ಒಡೆದದ್ದು ಬರೆದು ಸಹಿ ಹಾಕಿದರೆ ಮುಗಿಯಿತು. ಪ್ರೌಢಶಾಲೆಯಲ್ಲಿ ಹಾಗಿಲ್ಲ. ದಾಸ್ತಾನು ಪುಸ್ತಕದಲ್ಲಿ 24 ಪ್ರನಾಳ ಎಂದಿದ್ದರೆ ಬೀರುವಿನಲ್ಲಿ 24 ಇರಬೇಕು. ಆಡಿಟ್‌ನವರು ಬಂದು ಎಣಿಸುತ್ತಾರೆ. ಕಡಿಮೆಯಾದರೆ ಉತ್ತರ ಕೊಡಬೇಕು, ಕೈಯಿಂದ ಕಟ್ಟಬೇಕೇನೋ ಎಂಬ ಹೆದರಿಕೆ ಬೇರೆ. ಮೇಷ್ಟ್ರು ಬಾಯಿಬಿಟ್ಟೇ ಹೇಳಿದರು: "ಒಡೆದರೆ ನನ್ನ ತಲೆಗೆ ಬರುತ್ತೆ ಸರ್. ಬೀಗ ಹಾಕಿಟ್ಟರೆ ಯಾರೂ ಏನೂ ಕೇಳಲ್ಲ." ಹತ್ತಿಪ್ಪತ್ತು ರೂಪಾಯಿಯ ಗಾಜಿನ ಹೆದರಿಕೆಗೆ ವರ್ಷವಿಡೀ ಬೀಗ! ಉಪಯೋಗಿಸದೆ ಬೂಷ್ಟು ಹಿಡಿದು ಹಾಳಾದ ಸಾವಿರಾರು ರೂಪಾಯಿಯ ಸೂಕ್ಷ್ಮದರ್ಶಕಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಯಾಕೆಂದರೆ ಅದು ಎಣಿಕೆಗೆ ಸಿಗುತ್ತದೆ. ಒಂದು, ಎರಡು, ಮೂರು, ಸರಿ ಇದೆ!

ಹಾಗಾಗಿ ಇಲಾಖೆಗೆ ನನ್ನ ಮೊದಲನೇ ಮನವಿ ಹೊಸ ಸಾಮಾನು ಕೊಡಿ ಎಂದಲ್ಲ. ಒಡೆಯಲು ಅನುಮತಿ ಕೊಡಿ. ವರ್ಷಕ್ಕೆ ಇಷ್ಟು ಗಾಜು ಒಡೆಯಬಹುದು, ಇಷ್ಟು ರಾಸಾಯನಿಕ ಖರ್ಚಾಗಬಹುದು, ಮೇಷ್ಟ್ರು ಬರೆದು ಹೆಡ್‌ಮೇಷ್ಟ್ರು ಸಹಿ ಹಾಕಿದರೆ ಸಾಕು ಎಂದು ಒಂದು ಸುತ್ತೋಲೆ ಹೊರಡಿಸಿ. ಅದರ ಜೊತೆ ಪ್ರತಿ ವರ್ಷ ಜೂನ್‌ನಲ್ಲಿ ಸಣ್ಣ ಮೊತ್ತ. ಸ್ಪಿರಿಟ್, ಬತ್ತಿ, ಲಿಟ್ಮಸ್, ಸೆಲ್ಲು, ಅಯೋಡಿನ್, ಬೆಂಕಿಪೊಟ್ಟಣ. ಹತ್ತು ವರ್ಷಕ್ಕೊಮ್ಮೆ ಲಕ್ಷ ಲಕ್ಷ ಬರುವುದಕ್ಕಿಂತ ವರ್ಷಕ್ಕೊಂದು ಸಲ ಬರುವ ನಾಲ್ಕು ಕಾಸು ಲ್ಯಾಬನ್ನು ಉಸಿರಾಡಿಸುತ್ತದೆ.

ಮಳೆಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಕೂತು ಸಾಮಾನಿನ ಪಟ್ಟಿ ಮಾಡುವವರಿಗೆ ಕೊಡಗಿನ ಜುಲೈ ಗೊತ್ತಿಲ್ಲ. ಇಲ್ಲಿ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ, ಉಪ್ಪು ನೀರಾಗುತ್ತದೆ. ಮಸೂರ ಸುಮ್ನೆ ಬಿಡುತ್ತಾ? ನಾವು ಕಾಲೇಜಿನಲ್ಲಿ ಒಂದು ಉಪಾಯ ಮಾಡುತ್ತಿದ್ದೆವು. ಸೂಕ್ಷ್ಮದರ್ಶಕ ಇಡುವ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು 40 ವ್ಯಾಟಿನ ಬಲ್ಬು ಉರಿಸುವುದು, ಜೂನ್‌ನಿಂದ ಸೆಪ್ಟೆಂಬರ್ ತನಕ. ಆ ಸಣ್ಣ ಕಾವಿಗೆ ತೇವ ನಿಲ್ಲುವುದಿಲ್ಲ. ಕೊಡಗಿನ ಹಳೇ ಮನೆಗಳಲ್ಲಿ ರೇಷ್ಮೆ ಸೀರೆಯ ಬೀರುವಿಗೂ ಹೀಗೇ ಮಾಡುತ್ತಿದ್ದರು. ಕರೆಂಟು ಎರಡು ದಿನ ಹೋದರೆ ಏನು ಮಾಡುವುದು? ಅದಕ್ಕೆ ಸಿಲಿಕಾ ಜೆಲ್ ಇದೆ. ನೀಲಿ ಹರಳು. ತೇವ ಹೀರಿದಾಗ ಗುಲಾಬಿಯಾಗುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ. (ಅಡುಗೆಯ ಬಾಣಲೆ ಬೇಡ, ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದ್ದು. ಹಳೆಯದೊಂದನ್ನು ಅದಕ್ಕೇ ಇಟ್ಟುಬಿಡಿ.) ಹುರಿಯುವುದನ್ನು ಮಕ್ಕಳ ಎದುರೇ ಮಾಡಿದರೆ ಅದೇ ಒಂದು ಪಾಠ.

ಇನ್ನು ವೇಳಾಪಟ್ಟಿ. ನನ್ನ ಲೆಕ್ಕದಲ್ಲಿ ಸಾಮಾನಿಗಿಂತ ದೊಡ್ಡ ತೊಂದರೆ ಇಲ್ಲಿದೆ.

ಒಂದು ಪೀರಿಯಡ್ 40 ನಿಮಿಷ. ಮಕ್ಕಳು ಎದ್ದು ಲ್ಯಾಬಿಗೆ ಹೋಗಿ ಕೂರಲು ಐದು. ಹಾಜರಿ, ಗುಂಪು ಮಾಡುವುದು ಐದು. ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಹೇಳಲು ಹತ್ತು. ಕೊನೆಗೆ ತೊಳೆದಿಡಲು ಹತ್ತು. ಉಳಿದದ್ದು ಹತ್ತೇ ನಿಮಿಷ. ಎಲೆಯಲ್ಲಿ ಪಿಷ್ಟ ಇದೆಯಾ ಎಂದು ನೋಡುವ ಪ್ರಯೋಗ ತೆಗೆದುಕೊಳ್ಳಿ. ಎಲೆಯನ್ನು ನೀರಲ್ಲಿ ಕುದಿಸಬೇಕು. ಆಮೇಲೆ ಸ್ಪಿರಿಟ್ಟಿನಲ್ಲಿ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನೊಳಗೆ ಇಟ್ಟು ಹಸಿರು ಬಿಡಿಸಬೇಕು. ತೊಳೆದು ಅಯೋಡಿನ್ ಹಾಕಬೇಕು. ಯಾವ ಮಂತ್ರ ಹಾಕಿದರೂ ಹತ್ತು ನಿಮಿಷದಲ್ಲಿ ಆಗುವುದಿಲ್ಲ. ಅವಸರ ಮಾಡಿ ಸ್ಪಿರಿಟ್ಟನ್ನು ನೇರ ಬೆಂಕಿ ಮೇಲಿಟ್ಟರೆ ಹತ್ತಿಕೊಳ್ಳುತ್ತದೆ. ನನ್ನ ಎಡಗೈ ಮೇಲೆ ಅದರ ಗುರುತು ಈಗಲೂ ಇದೆ.

ಆದ್ದರಿಂದ ಎರಡು ಪೀರಿಯಡ್ ಒಟ್ಟಿಗೆ ಬೇಕು. ಪಿಯುಸಿಯಲ್ಲಿ ಪ್ರಾಕ್ಟಿಕಲ್ ಎಂದರೆ ವೇಳಾಪಟ್ಟಿಯಲ್ಲಿ ಮೊದಲು ಕೂರುತ್ತದೆ, ಉಳಿದದ್ದು ಆಮೇಲೆ. ಯಾಕೆ ಗೊತ್ತಾ? ಅಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಕ್ಕೆ ತಲಾ 30 ಅಂಕ ಪ್ರಾಕ್ಟಿಕಲ್‌ಗೆ ಇದೆ, 70 ಬರವಣಿಗೆಗೆ. ಎಸ್ಸೆಸ್ಸೆಲ್ಸಿಯಲ್ಲಿ 80 ಬರವಣಿಗೆ, 20 ಆಂತರಿಕ ಅಂಕ. ಹೊರಗಿನವರು ಬಂದು ನೋಡುವ ಪ್ರಾಕ್ಟಿಕಲ್ ಪರೀಕ್ಷೆ ಇಲ್ಲ. ಚಟುವಟಿಕೆ ಮಾಡಿದ್ದೇವೆ ಎಂದು ಚೆಂದದ ಅಕ್ಷರದಲ್ಲಿ ಬರೆದು, ಬಣ್ಣದ ಪೆನ್ಸಿಲ್ಲಿನಲ್ಲಿ ಚಿತ್ರ ಬಿಡಿಸಿದರೆ ಆ 20 ಬಂದುಬಿಡುತ್ತದೆ. ನನ್ನ ಮೊಮ್ಮಗಳ ಗೆಳತಿಯೊಬ್ಬಳು ಜೀವಮಾನದಲ್ಲಿ ಈರುಳ್ಳಿ ಪೊರೆ ಸೂಕ್ಷ್ಮದರ್ಶಕದಲ್ಲಿ ನೋಡಿಲ್ಲ. ಅವಳ ಪುಸ್ತಕದ ಚಿತ್ರ ಮಾತ್ರ ಅಚ್ಚು ಹೊಡೆದ ಹಾಗಿದೆ.

ಯಾವ ಹೊತ್ತಿಗೆ ಇಡಬೇಕು ಎಂಬುದೂ ಮುಖ್ಯ. ಕೆಲವು ಶಾಲೆಗಳಲ್ಲಿ ಲ್ಯಾಬ್ ಅನ್ನು ದಿನದ ಕೊನೆಗೆ ಅಥವಾ ಶನಿವಾರಕ್ಕೆ ತಳ್ಳುತ್ತಾರೆ. ನಮ್ಮ ಕಡೆ ಕೊನೇ ಪೀರಿಯಡ್ಡಿನ ಅರ್ಧಕ್ಕೇ ಮಕ್ಕಳ ಕಣ್ಣು ಕಿಟಕಿಯ ಹೊರಗೆ. ಬಸ್ಸು ತಪ್ಪಿದರೆ ಇನ್ನೊಂದು ಇಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರಬೇಕು, ದಾರಿಯಲ್ಲಿ ಆನೆ ಇರುತ್ತದೆ. ಇದು ತಮಾಷೆಯ ಮಾತಲ್ಲ. ಅದೂ ಅಲ್ಲದೆ ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಮಂಜು ಮುಚ್ಚಿ ಕತ್ತಲು. ಕರೆಂಟಿಲ್ಲದ ದಿನ ಸೂಕ್ಷ್ಮದರ್ಶಕದ ಕನ್ನಡಿಗೆ ಬೆಳಕು ಎಲ್ಲಿಂದ ತರುವುದು? ಹಾಗಾಗಿ ಬೆಳಿಗ್ಗೆ ಮೂರು ಮತ್ತು ನಾಲ್ಕನೇ ಪೀರಿಯಡ್ ಸರಿ. ಬಿಸಿಯೂಟಕ್ಕೆ ಮುಂಚೆ. ತೊಳೆಯುವುದು ಸ್ವಲ್ಪ ತಡವಾದರೂ ಊಟದ ಬಿಡುವಿನಲ್ಲಿ ಮುಗಿಯುತ್ತದೆ. ಕೈ ಮಾತ್ರ ಸೋಪು ಹಾಕಿ ತೊಳೆದೇ ಊಟಕ್ಕೆ ಕಳಿಸಬೇಕು.

38 ಮಕ್ಕಳನ್ನು ಒಟ್ಟಿಗೆ ಲ್ಯಾಬಿಗೆ ಬಿಟ್ಟರೆ ಅದು ಸಂತೆ. ಅರ್ಧ ಮಾಡಿ. ಒಂದು ವಾರ 19 ಮಂದಿ ಲ್ಯಾಬಿಗೆ, ಉಳಿದವರು ಪಿಟಿಗೋ ಗಣಿತದ ಅಭ್ಯಾಸಕ್ಕೋ. ಮುಂದಿನ ವಾರ ಅದಲು ಬದಲು. ಇದಕ್ಕೆ ಹೊಸ ಮೇಷ್ಟ್ರು ಬೇಡ, ವೇಳಾಪಟ್ಟಿ ಹಾಕುವಾಗ ಎರಡು ಚೌಕ ಆಚೆ ಈಚೆ ಮಾಡಬೇಕು ಅಷ್ಟೇ. ಮಳೆರಜೆ, ದಸರಾ ರಜೆ ಎಲ್ಲ ಕಳೆದರೂ ಒಂದು ಮಗುವಿಗೆ ವರ್ಷಕ್ಕೆ ಹತ್ತು ಪ್ರಯೋಗ ಕೈಯಾರೆ ಸಿಗುತ್ತದೆ. ಈಗ ಸಿಗುತ್ತಿರುವುದು ಬಹಳ ಕಡೆ ಒಂದೂ ಇಲ್ಲ.

ಮಳೆರಜೆ ಎಂದೆನಲ್ಲ. ಜಿಲ್ಲಾಧಿಕಾರಿಗಳು ರಜೆ ಕೊಡುವುದು ಸರಿಯೇ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದ ಯಾವ ಅಪ್ಪ ಅಮ್ಮನೂ ರಜೆ ಬೇಡ ಎನ್ನುವುದಿಲ್ಲ. ಆದರೆ ಆ ದಿನಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರ ತುಂಬಿಸುವಾಗ ಎಲ್ಲರೂ ಪಾಠ ಓಡಿಸುತ್ತಾರೆ. ಮೊದಲು ಬಲಿಯಾಗುವುದು ಪ್ರಯೋಗ. ಇಡೀ ರಾಜ್ಯಕ್ಕೆ ಒಂದೇ ಕ್ಯಾಲೆಂಡರ್ ಇದ್ದರೂ ಪ್ರಯೋಗಗಳ ಸರದಿಯನ್ನಾದರೂ ನಮ್ಮ ಜಿಲ್ಲೆ ತನ್ನ ಹವೆಗೆ ಹೊಂದಿಸಿಕೊಳ್ಳಬಹುದಲ್ವಾ? ಬಿಸಿಲು ಬೇಕಾದದ್ದು, ಅಂದರೆ ಮಸೂರದಿಂದ ಕಾಗದ ಸುಡುವುದು, ಪಟ್ಟಕದಲ್ಲಿ ಏಳು ಬಣ್ಣ ಬಿಡಿಸುವುದು, ಇವನ್ನು ಜುಲೈನಲ್ಲಿ ಇಟ್ಟುಕೊಂಡರೆ ಸೂರ್ಯನನ್ನು ಎಲ್ಲಿಂದ ತರುತ್ತೀರಿ? ನವೆಂಬರ್ ಬಿಸಿಲಿಗೆ ಇಡಿ. ಕಬ್ಬಿಣ ತುಕ್ಕು ಹಿಡಿಯುವುದನ್ನು ತೋರಿಸಲು ಮಾತ್ರ ಜುಲೈನಂಥ ತಿಂಗಳಿಲ್ಲ. ಮೊಳೆಯನ್ನು ಕಿಟಕಿಯಲ್ಲಿಟ್ಟರೆ ಸಾಕು, ಮಿಕ್ಕದ್ದು ಕೊಡಗಿನ ಗಾಳಿ ನೋಡಿಕೊಳ್ಳುತ್ತದೆ. ಬ್ರೆಡ್ಡಿನ ಬೂಷ್ಟು, ಗೋಡೆಯ ಹಾವಸೆ, ಜರಿಗಿಡದ ಎಲೆ ಹಿಂದಿನ ಕಂದು ಚುಕ್ಕೆ, ಎಲ್ಲ ಶಾಲೆಯ ಬೇಲಿಯಲ್ಲೇ ಇದೆ. ಕರ್ಣಕುಂಡಲದ ಗಿಡವನ್ನು ಕಿತ್ತು ಕೆಂಪು ಇಂಕಿನ ನೀರಲ್ಲಿ ನಿಲ್ಲಿಸಿ. ಅದರ ದಂಟು ಗಾಜಿನ ಹಾಗೆ. ಬಣ್ಣ ಏರುವುದು ಬರಿಗಣ್ಣಿಗೇ ಕಾಣುತ್ತದೆ.

ಆಮ್ಲಕ್ಕೆ ನಾವು ಅಂಗಡಿಗೆ ಹೋಗಬೇಕಾಗಿಲ್ಲ. ಪ್ರತಿ ಮನೆಯ ಅಡುಗೆಮನೆಯಲ್ಲಿ ಕಾಚಂಪುಳಿ ಇದೆ. ಪಂದಿಕರಿಗೆ ಹಾಕುವ ಅದೇ ಕಪ್ಪು ಹುಳಿ. ಎರಡು ಹನಿಗೆ ನೀರು ಬೆರೆಸಿ ನೀಲಿ ಲಿಟ್ಮಸ್ ಕಾಗದ ಅದ್ದಿ, ಕೆಂಪಾಗುತ್ತದೆ. ಅಡುಗೆ ಸೋಡ ಹಾಕಿದರೆ ಬುಸ್ಸೆಂದು ನೊರೆ. ಆ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಬಿಟ್ಟರೆ ಹಾಲಿನ ಹಾಗಾಗುತ್ತದೆ. ಕೊಡವರ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವಲ್ಲ, ಆ ನೇರಳೆ ರಸಕ್ಕೆ ಕಾಚಂಪುಳಿ ಹಾಕಿದರೆ ಏನಾಗುತ್ತದೆ, ಸುಣ್ಣದ ನೀರು ಹಾಕಿದರೆ ಏನಾಗುತ್ತದೆ? ಉತ್ತರ ನಾನು ಬರೆಯುವುದಿಲ್ಲ. ಮಕ್ಕಳೇ ನೋಡಲಿ. ತೋಟದ ಮಾಲೀಕರು ಮಣ್ಣಿನ ಹುಳಿ ನೋಡಿಸಿ ಸುಣ್ಣ ಹಾಕಿಸುತ್ತಾರೆ. ಆ ತೋಟದಲ್ಲೇ ಕೆಲಸ ಮಾಡುವವರ ಮಕ್ಕಳಿಗೆ ಆ ಹುಳಿಯ ಅಳತೆ, ಪಿಎಚ್, ಎಂದರೆ ಪರೀಕ್ಷೆಯ ಒಂದು ಅಂಕದ ಪ್ರಶ್ನೆ! ಮಳೆಯೂ ಹಾಗೇ. ಪ್ರತಿ ಎಸ್ಟೇಟಿನಲ್ಲಿ ಮಳೆಮಾಪಕ ಇದೆ, ಹಿರಿಯರು ಈಗಲೂ ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಎಂದೇ ಹೇಳುತ್ತಾರೆ. ಶಾಲೆಯ ಅಂಗಳದಲ್ಲಿ ಒಂದಿಟ್ಟು ಮಕ್ಕಳಿಂದ ದಿನವೂ ಬರೆಸಿ, ಪಕ್ಕದ ತೋಟದ ಪುಸ್ತಕದ ಜೊತೆ ಹೋಲಿಸಿದರೆ ಅದಕ್ಕಿಂತ ಒಳ್ಳೆಯ ಲ್ಯಾಬ್ ಯಾವುದು?

ಹಾಗೆಂದು ಎಲ್ಲವನ್ನೂ ಅಡುಗೆಮನೆಯಲ್ಲೇ ಮುಗಿಸಿಬಿಡಿ ಎನ್ನುವವರ ಜೊತೆ ನಾನಿಲ್ಲ. ಆಮ್ಮೀಟರ್ ಬೇಕು, ವೋಲ್ಟ್‌ಮೀಟರ್ ಬೇಕು, ನೈಕ್ರೋಮ್ ತಂತಿ ಬೇಕು. ಸೂಕ್ಷ್ಮದರ್ಶಕಕ್ಕೆ ಬದಲಿ ಇಲ್ಲ. ಕೊಡುವವರು ಒಂದೇ ಒಂದು ದುಬಾರಿ ಸೆಟ್ ಕೊಡುವ ಬದಲು ಸಾಧಾರಣದ್ದು ಐದು ಸೆಟ್ ಕೊಡಿ, ನಾಲ್ಕು ಮಕ್ಕಳಿಗೆ ಒಂದರಂತೆ. ಮೇಷ್ಟ್ರ ಮೇಜಿನ ಮೇಲಿನ ಒಂದು ಸೆಟ್ ಎಂದರೆ ಅದು ಜಾದೂ ಪ್ರದರ್ಶನ.

ಇನ್ನೊಂದು ಮಾತು, ಸ್ವಲ್ಪ ಕಹಿ. ಲೆಡ್ ನೈಟ್ರೇಟಿಗೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದರೆ ಹಳದಿ ಬರುವುದು ಹತ್ತನೇ ಕ್ಲಾಸಿನ ಪುಸ್ತಕದಲ್ಲಿದೆ. ಮಕ್ಕಳಿಗೆ ಬಹಳ ಇಷ್ಟ. ಆದರೆ ಅದು ಸೀಸ, ವಿಷ. ನಾನು ಕೆಲಸಕ್ಕೆ ಸೇರಿದಾಗ ಅದನ್ನೆಲ್ಲ ಸಿಂಕಿಗೆ ಸುರಿಯುತ್ತಿದ್ದೆವು. ನಾನೇ ಸುರಿದಿದ್ದೇನೆ, ವರ್ಷಗಟ್ಟಲೆ. ಆ ನೀರು ಚರಂಡಿಗೆ, ಚರಂಡಿಯಿಂದ ತೋಡಿಗೆ, ತೋಡಿನಿಂದ ಕಾವೇರಿಗೆ. ಒಬ್ಬ ಲೆಕ್ಚರರ್ ಬಂದು ನಿಲ್ಲಿಸಿದರು. ಬೀಕರಿನಲ್ಲಿ ಮಾಡುತ್ತಿದ್ದದ್ದನ್ನು ಐದೈದು ಹನಿಯಲ್ಲಿ ಮಾಡಿಸಿದರು, ಉಳಿದದ್ದನ್ನು ಒಂದು ಬಾಟಲಿಯಲ್ಲಿ ಕೂಡಿಡಿಸಿದರು. ಹನಿಯಲ್ಲಿ ಮಾಡಿದರೂ ಹಳದಿ ಅಷ್ಟೇ ಹಳದಿ. ಪ್ರತಿ ಶಾಲೆಗೂ ಅಂಥ ಒಂದು ಬಾಟಲಿ, ಒಂದು ಮರಳಿನ ಬಕೆಟ್, ಕಣ್ಣಿಗೆ ಕನ್ನಡಕ ಸಾಮಾನಿನ ಪಟ್ಟಿಯ ಮೊದಲಲ್ಲೇ ಇರಬೇಕು.

ಕೊನೆಯದಾಗಿ ಜನ. ಪ್ರೌಢಶಾಲೆಗೆ ಲ್ಯಾಬ್ ಅಟೆಂಡರ್ ಹುದ್ದೆ ಕೊಡಿ ಎಂದರೆ ದುಡ್ಡಿಲ್ಲ ಎನ್ನುತ್ತಾರೆ, ಗೊತ್ತು. ಮೂರು ಶಾಲೆಗೆ ಒಬ್ಬರನ್ನು ಕೊಡಿ. ವಾರಕ್ಕೆ ಒಂದೊಂದು ಶಾಲೆಯಲ್ಲಿ ಎರಡು ದಿನ. ಲ್ಯಾಬ್ ದಿನಗಳನ್ನು ಅದಕ್ಕೆ ತಕ್ಕ ಹಾಗೆ ಬೇರೆ ಬೇರೆ ಮಾಡಿಕೊಳ್ಳಲಿ. ಒಂದೇ ಕಾಂಪೌಂಡಿನಲ್ಲಿ ಪಿಯು ಕಾಲೇಜು, ಪ್ರೌಢಶಾಲೆ ಎರಡೂ ಇರುವ ಕಡೆ ಇನ್ನೂ ಸುಲಭ. ಪಿಯು ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮೇಲೆ ಆ ಲ್ಯಾಬ್ ಜೂನ್ ತನಕ ಬೀಗ ಹಾಕಿಕೊಂಡೇ ಇರುತ್ತದೆ, ವರ್ಷದ ನಡುವೆಯೂ ಎಷ್ಟೋ ಬೆಳಿಗ್ಗೆ ಖಾಲಿ. ಗೋಡೆಯ ಆಚೆ ಬದಿಯ ಮಕ್ಕಳು ಬಾಯಿಪಾಠ ಮಾಡುತ್ತಿರುತ್ತಾರೆ. ಎರಡು ಕಡೆಯ ಮುಖ್ಯಸ್ಥರು ಕೂತು ಒಂದು ಟೀ ಕುಡಿದರೆ ಮುಗಿಯುವ ಕೆಲಸ.

ನಾನು ಈಗ ಬುಧವಾರ ಬೆಳಿಗ್ಗೆ ಆ ಶಾಲೆಗೆ ಹೋಗುತ್ತಿದ್ದೇನೆ. ಸಂಬಳ ಇಲ್ಲ, ಅಡುಗೆ ಅಕ್ಕ ಒಂದು ಲೋಟ ಕಾಫಿ ಕೊಡುತ್ತಾಳೆ. ಹೆಡ್‌ಮೇಷ್ಟ್ರು ಮೊದಲು ಹಿಂದೆ ಮುಂದೆ ನೋಡಿದರು. ಕೊನೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಬರೆಸಿಕೊಂಡು ಒಪ್ಪಿದರು. ಬಾಟಲಿಗಳಿಗೆ ಹೊಸ ಚೀಟಿ ಅಂಟಿಸಿ ಮೇಲೆ ಮೇಣ ಸವರಿದ್ದೇನೆ. ಎರಡು ಸೂಕ್ಷ್ಮದರ್ಶಕದಲ್ಲಿ ಒಂದರ ಬೂಷ್ಟು ಹೋಗಿದೆ. ಹೋದ ವಾರ ಮೂರು ಪ್ರನಾಳ ಒಡೆದವು. ಮೇಷ್ಟ್ರ ಮುಖ ಬಾಡಿತು, ನಾನು ನಕ್ಕೆ. ಮೂರನ್ನೂ ನಾನೇ ಮಡಿಕೇರಿಯಿಂದ ತಂದಿಟ್ಟಿದ್ದೇನೆ. ಸುತ್ತೋಲೆ ಬರುವ ತನಕ ಹೀಗೇ.

ಒಂದು ವಿನಂತಿ ನಿಮ್ಮ ಓದುಗರಿಗೆ. ಬೀರುವಿನೊಳಗೆ ಉರಿಸಲು ಬಲ್ಬು ಹುಡುಕಿ ಸುತ್ತಮುತ್ತಲ ಅಂಗಡಿಯೆಲ್ಲ ಅಲೆದೆ. ಎಲ್ಲ ಕಡೆ ಎಲ್‌ಇಡಿ. ಅದರಲ್ಲಿ ಬೆಳಕು ಇದೆ, ನಮಗೆ ಬೇಕಾದಷ್ಟು ಕಾವು ಇಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಹಳೇ 40 ವ್ಯಾಟಿನ ಬಲ್ಬು ಉಳಿದಿದ್ದರೆ ಎಸೆಯಬೇಡಿ. ಜೂನ್‌ಗೆ ಮುಂಚೆ ಹತ್ತಿರದ ಯಾವುದಾದರೂ ಸರ್ಕಾರಿ ಪ್ರೌಢಶಾಲೆಗೆ ಕೊಟ್ಟುಬಿಡಿ. ಎರಡಿದ್ದರೆ ಎರಡೂ.

ಇಂತಿ,
ನಿವೃತ್ತ ಲ್ಯಾಬ್ ಅಟೆಂಡರ್
ಮಡಿಕೇರಿ ತಾಲ್ಲೂಕು, ಕೊಡಗು